ಮೆಣಸಿನಕಾಯಿ ಊರಿನ ಕೆಂಪು ಗಾಡಿ

ಬ್ಯಾಡಗಿಯಲ್ಲಿ ಜನರನ್ನು ಎಣಿಸುವುದು ಹತ್ತು ವರ್ಷಕ್ಕೊಮ್ಮೆ, ಚೀಲಗಳನ್ನು ಎಣಿಸುವುದು ವಾರಕ್ಕೆರಡು ಸಲ. 2001ರ ಜನಗಣತಿಯಲ್ಲಿ ಪಟ್ಟಣದ ಜನ 25 ಸಾವಿರದ ಆಸುಪಾಸು ಇದ್ದರು. 2011ಕ್ಕೆ ಅದು 30 ಸಾವಿರದ ಹತ್ತಿರ ಬಂತು. ಇಷ್ಟೇ ನೋಡಿದವರಿಗೆ ಇದು ಹಾವೇರಿ ಜಿಲ್ಲೆಯ ಮತ್ತೊಂದು ಸಾಧಾರಣ ತಾಲ್ಲೂಕು ಕೇಂದ್ರ. ಆದರೆ ಸುಗ್ಗಿಯ ಸೋಮವಾರವೋ ಗುರುವಾರವೋ ಮಾರುಕಟ್ಟೆ ಪ್ರಾಂಗಣಕ್ಕೆ ಹೋದರೆ ಲೆಕ್ಕವೇ ಬೇರೆ. ಒಂದೇ ದಿನ ಲಕ್ಷ ಚೀಲ ಮೀರಿ ಮೆಣಸಿನಕಾಯಿ ಬಂದು ಬೀಳುತ್ತದೆ. ಬಳ್ಳಾರಿ, ರಾಯಚೂರು, ಗದಗ ಕಡೆಯ ಲಾರಿಗಳ ಜೊತೆಗೆ ಆಂಧ್ರದ ಕರ್ನೂಲು ಕಡೆಯವೂ ಸಾಲುಗಟ್ಟಿ ನಿಲ್ಲುತ್ತವೆ. ಊರು ಬೆಳೆದಿದೆ ಎಂದು ಇಲ್ಲಿಯವರು ಹೇಳುವುದು ಮನೆಗಳನ್ನು ನೋಡಿ ಅಲ್ಲ, ಈ ಚೀಲಗಳನ್ನು ನೋಡಿ.

ಈ ಊರಿನ ಬೆಂಕಿಗಾಡಿಯ ವಿಷಯ ಬರೆಯುವುದಕ್ಕೆ ಇದೇ ಕಾರಣ. ಒಂದು ಊರಿಗೆ ಎಂಥ ಅಗ್ನಿಶಾಮಕ ವಾಹನ ಬೇಕು, ಎಷ್ಟು ಬೇಕು, ಹಳೆಯದನ್ನು ಯಾವಾಗ ಬದಲಿಸಬೇಕು ಎಂಬ ಪ್ರಶ್ನೆ ಎದ್ದಾಗ ನಮ್ಮ ಕಡತಗಳು ತಲೆ ಎಣಿಸುತ್ತವೆ, ವಾಹನದ ವಯಸ್ಸು ಎಣಿಸುತ್ತವೆ. ಸುಡುವ ಸರಕು ಎಷ್ಟಿದೆ ಎಂದು ಎಣಿಸುವುದು ಕಡಿಮೆ.

ಊರಿನ ಕತೆಯನ್ನು ಸ್ವಲ್ಪದರಲ್ಲಿ ಹೇಳಿಬಿಡಬಹುದು. ಬ್ಯಾಡಗಿ 1956ರವರೆಗೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. 1997ರಲ್ಲಿ ಹಾವೇರಿ ಜಿಲ್ಲೆಯಾದಾಗ ಅದರೊಳಗೆ ಬಂತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ರೈಲು ಹಳಿ ಬಿದ್ದಾಗ ಬ್ಯಾಡಗಿಯೂ ಒಂದು ನಿಲ್ದಾಣವಾಯಿತು. ಒಣಗಿದರೆ ಹಗುರಾಗುವ, ಆದರೆ ಜಾಗ ಬೇಡುವ ಮೆಣಸಿನಕಾಯಿಗೆ ರೈಲು ದೊಡ್ಡ ಅನುಕೂಲ. ತಾಲ್ಲೂಕಿನಲ್ಲಿ ಹೆಸರು ಮಾಡಿದ ಬೇರೆ ಊರುಗಳೂ ಇವೆ. ಕನಕದಾಸರ ಕಾಗಿನೆಲೆ ಇಲ್ಲಿಯದು, ಕಾಂತೇಶನ ಕದರಮಂಡಲಗಿ ಇಲ್ಲಿಯದು, ಗಾಂಧೀಜಿಯವರ ದಂಡಿ ಯಾತ್ರೆಯಲ್ಲಿ ಹೆಜ್ಜೆ ಹಾಕಿ, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹದೇವಪ್ಪನವರ ಮೋಟೆಬೆನ್ನೂರೂ ಇಲ್ಲಿಯದೇ. ಆದರೂ ದೇಶದ ಅಡುಗೆಮನೆಗಳಿಗೆ ಬ್ಯಾಡಗಿ ಎಂದರೆ ಒಂದೇ ಅರ್ಥ. ಸುಕ್ಕುಗಟ್ಟಿದ ಉದ್ದನೆಯ ಕಡ್ಡಿ, ದುಂಡನೆಯ ಡಬ್ಬಿ, ಖಾರ ಕಡಿಮೆ, ಬಣ್ಣ ಗಾಢ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ಈಗ ಬರುವ ಮಾಲಿನಲ್ಲಿ ದೊಡ್ಡ ಪಾಲು ಹೈಬ್ರಿಡ್ ತಳಿಗಳದ್ದು, ಅದೂ ಹೊರ ಜಿಲ್ಲೆಗಳದ್ದು. ಹೆಸರು ಕೊಟ್ಟ ನೆಲಕ್ಕಿಂತ ಹೆಸರು ಕಟ್ಟಿದ ಮಾರುಕಟ್ಟೆಯೇ ದೊಡ್ಡದಾಯಿತು.

ಮಾರುಕಟ್ಟೆ ದೊಡ್ಡದಾದ ಹಾಗೆ ಅದರ ಸುತ್ತ ಬೇರೆ ಬೇರೆ ಕಟ್ಟಡಗಳು ಎದ್ದವು. ಮೊದಲು ದಲಾಲಿ ಅಂಗಡಿಗಳು ಮತ್ತು ಗೋದಾಮು, ಆಮೇಲೆ ಪುಡಿ ಮಾಡುವ ಗಿರಣಿಗಳು, ಬಣ್ಣದ ಸತ್ವವಾದ ಓಲಿಯೊರೆಸಿನ್ ತೆಗೆಯುವ ಕಾರ್ಖಾನೆಗಳಿಗೆ ಮಾಲು ಕಳಿಸುವ ವ್ಯವಹಾರ, ಕೊನೆಗೆ ಶೀತಲಗೃಹಗಳು. ಕೋಲ್ಡ್ ಸ್ಟೋರೇಜ್ ಎಂದೇ ಎಲ್ಲರೂ ಕರೆಯುವ ಈ ಕಿಟಕಿಯಿಲ್ಲದ ದೈತ್ಯ ಕಟ್ಟಡಗಳು ಊರಿನ ಹೊರವಲಯದ ಹೊಲಗಳ ನಡುವೆ ನಿಂತಿವೆ. ದರ ಬಿದ್ದಾಗ ರೈತನಿಗೂ ವ್ಯಾಪಾರಿಗೂ ಇವೇ ಆಸರೆ. ಮಾಲು ತಂಪಿನಲ್ಲಿದ್ದರೆ ಬಣ್ಣ ಕೆಡುವುದಿಲ್ಲ, ಒಳ್ಳೆಯ ದರ ಬಂದಾಗ ಹೊರಗೆ ತೆಗೆಯಬಹುದು. ಬೆಂಕಿಯ ಕಣ್ಣಿನಿಂದ ನೋಡಿದರೆ ಮಾತ್ರ ಇವು ಬೇರೆಯಾಗಿ ಕಾಣುತ್ತವೆ.

ಸುಡುವುದು ಏನೇನು ಎಂದು ಸಾಲಾಗಿ ನೋಡೋಣ. ಒಣ ಮೆಣಸಿನಕಾಯಿ, ಅದನ್ನು ತುಂಬಿದ ಗೋಣಿ ಚೀಲ, ತೊಟ್ಟು ಬಿಡಿಸಿ ಗುಡ್ಡೆ ಹಾಕಿದ ಕಸ. ತೊಟ್ಟು ಬಿಡಿಸುವ ಕೆಲಸದಲ್ಲಿ ಈ ಊರಿನ ಮತ್ತು ಸುತ್ತಲಿನ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳ ಸಂಸಾರ ನಡೆಯುತ್ತದೆ, ಹಾಗಾಗಿ ಗೋದಾಮು ಎಂದರೆ ಬರೀ ಸರಕಲ್ಲ, ಒಳಗೆ ಕೂತು ದುಡಿಯುವ ಜನವೂ ಹೌದು. ಚೀಲಗಳ ಅಟ್ಟಿಯ ನಡುವೆ ಬೆಂಕಿ ಹೊಕ್ಕರೆ ಅದು ಭಗ್ಗೆಂದು ಉರಿದು ಮುಗಿಯುವ ಬೆಂಕಿಯಲ್ಲ. ಹೊರಗೆ ನೀರು ಹೊಡೆದರೆ ಮೇಲಿನ ಸಾಲು ತಣ್ಣಗಾಗುತ್ತದೆ, ಒಳಗೆ ಕೆಂಡ ಹಾಗೇ ಇರುತ್ತದೆ. ಚೀಲಗಳನ್ನು ಒಂದೊಂದಾಗಿ ಎಳೆದು, ಬಿಡಿಸಿ, ಹರಡಿ ತೋಯಿಸದೆ ಅದು ಆರುವುದಿಲ್ಲ. ಅದಕ್ಕೆ ಗಂಟೆಗಳಲ್ಲ, ಕೆಲವೊಮ್ಮೆ ದಿನಗಳೇ ಬೇಕು. ಹೊಗೆಯ ವಿಷಯ ಹೇಳಬೇಕೇ? ಮನೆಯಲ್ಲಿ ಒಗ್ಗರಣೆಗೆ ಎರಡು ಮೆಣಸಿನಕಾಯಿ ಸೀದರೇ ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಎಂಬ ಮಾತು ಸಾವಿರಾರು ಚೀಲ ಸೀಯುವಾಗ ಯಾರಿಗೂ ಸಮಾಧಾನ ಕೊಡುವುದಿಲ್ಲ. ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಮುಖಕ್ಕೆ ಮಾಸ್ಕ್ ಹಾಕಿಕೊಳ್ಳದೆ ಒಳಗೆ ಕಾಲಿಡುವಂತಿಲ್ಲ. ಶೀತಲಗೃಹದಲ್ಲಿ ಇದರ ಮೇಲೆ ಇನ್ನೆರಡು ಸೇರುತ್ತವೆ. ಒಂದು, ಗೋಡೆಗೆ ತಂಪು ಹಿಡಿದಿಡಲು ಹಾಕಿದ ಥರ್ಮೋಕೋಲ್ ಅಥವಾ ಫೋಮ್ ಹಲಗೆ. ಹೊತ್ತಿಕೊಂಡರೆ ಅದು ಗೋಡೆಯೊಳಗೇ ಓಡುತ್ತದೆ. ಇನ್ನೊಂದು, ತಂಪು ಮಾಡುವ ಯಂತ್ರಗಳಲ್ಲಿ ಬಳಸುವ ಅಮೋನಿಯಾ. ಸೋರಿದರೆ ಕಣ್ಣು, ಗಂಟಲು, ಶ್ವಾಸಕೋಶ ಯಾವುದನ್ನೂ ಬಿಡುವುದಿಲ್ಲ. ಬಾಗಿಲುಗಳೋ, ಬೆರಳೆಣಿಕೆಯವು.

ಇಂಥ ಊರಿಗೆ ಓಡಿಬರುವ ಗಾಡಿ ಯಾರದ್ದು? ಪುರಸಭೆಯದ್ದಲ್ಲ, ಮಾರುಕಟ್ಟೆ ಸಮಿತಿಯದ್ದೂ ಅಲ್ಲ. ಬೇರೆ ಕೆಲವು ದೇಶಗಳಲ್ಲಿ ಊರಿನವರೇ ಸಭೆ ಸೇರಿ, ತೆರಿಗೆ ಹಾಕಿಕೊಂಡು, ತಮ್ಮ ಬೆಂಕಿಗಾಡಿಯನ್ನು ಕೊಳ್ಳುತ್ತಾರೆ. ನಮ್ಮಲ್ಲಿ 1964ರ ಅಗ್ನಿಶಾಮಕ ದಳ ಕಾಯ್ದೆ ಈ ಕೆಲಸವನ್ನು ರಾಜ್ಯದ ಕೈಗೆ ಕೊಟ್ಟಿತು. ಒಂದು ದೃಷ್ಟಿಯಿಂದ ಇದು ಒಳ್ಳೆಯದೇ. ಬಡ ಊರು, ಶ್ರೀಮಂತ ಊರು ಎಂಬ ಭೇದವಿಲ್ಲದೆ ಒಂದೇ ಬಗೆಯ ತರಬೇತಿ ಪಡೆದ ಜನ, ಒಂದೇ ಬಗೆಯ ವಾಹನ ಸಿಗುತ್ತದೆ. ಆದರೆ ಆ ‘ಒಂದೇ ಬಗೆ’ ಎಂಬಲ್ಲಿಯೇ ತೊಡಕಿದೆ. ಮೆಕ್ಕೆಜೋಳದ ಊರಿಗೂ ಮೆಣಸಿನಕಾಯಿಯ ಊರಿಗೂ ಬರುವುದು ಹೆಚ್ಚುಕಡಿಮೆ ಅದೇ ವಾಟರ್ ಟೆಂಡರ್, ಅಂದರೆ ನೀರಿನ ಟ್ಯಾಂಕು ಹೊತ್ತ ಬೆಂಕಿಗಾಡಿ.

ಪ್ರತಿವರ್ಷ ಏಪ್ರಿಲ್ 14ರಂದು ಠಾಣೆಗಳಲ್ಲಿ ಅಗ್ನಿಶಾಮಕ ಸೇವಾ ದಿನ ನಡೆಯುತ್ತದೆ, ಶಾಲಾಮಕ್ಕಳಿಗೆ ನೀರು ಚಿಮ್ಮಿಸಿ ತೋರಿಸುತ್ತಾರೆ. ಅದರ ಮೂಲ 1944ರ ಮುಂಬಯಿ ಬಂದರಿನ ಸ್ಫೋಟ. ಫೋರ್ಟ್ ಸ್ಟಿಕೀನ್ ಎಂಬ ಹಡಗಿನಲ್ಲಿ ಹತ್ತಿ ಅಂಡಿಗೆಗಳನ್ನೂ ಸಿಡಿಮದ್ದನ್ನೂ ಒಟ್ಟಿಗೆ ತುಂಬಿದ್ದರು. ಹತ್ತಿಗೆ ಬೆಂಕಿ ಬಿತ್ತು, ನೀರು ಹಾಯಿಸುತ್ತಿದ್ದಾಗಲೇ ಹಡಗು ಸಿಡಿಯಿತು, ಅರವತ್ತಕ್ಕೂ ಹೆಚ್ಚು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬ್ಯಾಡಗಿ ಆಗ ಅದೇ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಟ್ಟಿಯೊಳಗೆ ಹೊಕ್ಕ ಕೆಂಡ ಹೊರಗಿನ ನೀರಿಗೆ ಜಗ್ಗುವುದಿಲ್ಲ ಎಂಬುದು ಅಂದು ಹತ್ತಿಯಲ್ಲಿ ಕಂಡದ್ದು, ಗೋಣಿಯಲ್ಲೂ ಅಷ್ಟೇ ನಿಜ.

ಇನ್ನು ಗಾಡಿಯ ವಿಚಾರ. ತಾಲ್ಲೂಕು ಠಾಣೆಗಳಲ್ಲಿ ಸಾಮಾನ್ಯವಾಗಿ ಇರುವುದು 4,500 ಲೀಟರ್ ನೀರಿನ ಟ್ಯಾಂಕಿನ ವಾಹನ. ಒಂದು ಬ್ರಾಂಚಿನಿಂದ, ಅಂದರೆ ಪೈಪಿನ ತುದಿಯ ಹಿತ್ತಾಳೆಯ ಮೂತಿಯಿಂದ, ನಿಮಿಷಕ್ಕೆ 450 ಲೀಟರ್ ಹೊಡೆದರೆ ಹತ್ತು ನಿಮಿಷದಲ್ಲಿ ಟ್ಯಾಂಕು ಖಾಲಿ. ಎರಡು ಬ್ರಾಂಚ್ ಹಿಡಿದರೆ ಐದೇ ನಿಮಿಷ. ಆಮೇಲೆ ನೀರಿಗೆ ಓಡಬೇಕು, ಬೋರ್‌ವೆಲ್ಲಿಗೋ, ಪುರಸಭೆಯ ನೀರಿನ ಟ್ಯಾಂಕಿಗೋ, ಕೆರೆಗೋ. ಮೆಣಸಿನಕಾಯಿಯ ಸುಗ್ಗಿ ಜೋರಾಗಿರುವುದು ಬೇಸಿಗೆಯ ಬಾಯಲ್ಲಿ. ಕೆರೆ ತಳ ಕಾಣುವ ಹೊತ್ತಿಗೆ ಗೋದಾಮು ತುಂಬಿರುತ್ತದೆ.

ಹಳೆಯ ಬೆಂಕಿಗಾಡಿಯನ್ನು ಮೀಟರ್ ನೋಡಿ ಅಳೆಯಲು ಹೋದವರು ಮೋಸ ಹೋಗುತ್ತಾರೆ. ಓಡಿದ ಕಿಲೋಮೀಟರ್ ಕಡಿಮೆಯೇ ಇರುತ್ತದೆ. ಹದಿನೈದು ವರ್ಷದಲ್ಲಿ ಒಂದು ಸಾರಿಗೆ ಬಸ್ಸು ಓಡುವುದರ ಒಂದು ಚೂರೂ ಅದು ಓಡಿರುವುದಿಲ್ಲ. ಆದರೆ ಅದು ನಿಂತಲ್ಲೇ ದುಡಿಯುವ ಗಾಡಿ. ಬೆಂಕಿಯ ಮುಂದೆ ನಿಂತಾಗ ಎಂಜಿನ್ನಿನ ಬಲವೆಲ್ಲ ಪಂಪಿಗೆ ಹೋಗುತ್ತದೆ, ಗಂಟೆಗಟ್ಟಲೆ ಏರಿದ ದನಿಯಲ್ಲಿ ಎಂಜಿನ್ ಹಾಗೇ ಓಡುತ್ತಿರುತ್ತದೆ, ಮೀಟರ್‌ನಲ್ಲಿ ಒಂದು ಅಂಕಿಯೂ ಕದಲುವುದಿಲ್ಲ. ಉಳಿದ ಹೊತ್ತು ಶೆಡ್ಡಿನಲ್ಲಿ ನಾಲ್ಕೂವರೆ ಟನ್ ನೀರು ಹೊತ್ತು ನಿಂತಿರುತ್ತದೆ. ಸರಕಿನ ಲಾರಿಗೆ ಭಾರ ಇಳಿಸಿ ಉಸಿರಾಡುವ ದಿನಗಳಿವೆ, ಇದಕ್ಕಿಲ್ಲ. ಸ್ಪ್ರಿಂಗಿನ ಪಟ್ಟಾ ಕುಗ್ಗುತ್ತದೆ. ಟೈರು ಸವೆಯುವ ಮೊದಲೇ ಬಿರುಕು ಬಿಡುತ್ತದೆ. ಟ್ಯಾಂಕಿನ ಒಳಗೆ ತುಕ್ಕು, ಪಂಪಿನ ರಬ್ಬರ್ ಸೀಲುಗಳಲ್ಲಿ ಸಣ್ಣ ಸೋರಿಕೆ. ಸೀಲು ಹೋದರೆ ಕೆರೆಯಿಂದ ನೀರೆಳೆಯುವುದೇ ಕಷ್ಟ, ಗಾಳಿ ಹೊಕ್ಕು ಪಂಪು ಬರಿದೇ ತಿರುಗುತ್ತದೆ. ಗಾಡಿ ಕಚ್ಚಾ ಹಾದಿಯಲ್ಲಿ ತಿರುಗಿಕೊಂಡು ಹಳ್ಳಿ ಮುಟ್ಟಿದೆ, ಜನ ದಾರಿ ಬಿಟ್ಟಿದ್ದಾರೆ, ಪೈಪು ಬಿಚ್ಚಿದ್ದಾರೆ, ನೀರು ಮಾತ್ರ ಏರುತ್ತಿಲ್ಲ. ಸಿಬ್ಬಂದಿ ಬೈಸಿಕೊಳ್ಳುವುದು ಇಂಥ ಗಳಿಗೆಯಲ್ಲಿ.

ಹೀಗೆ ತೂಗಿನೋಡಿ ಬದಲಿಸಬೇಕಾದ ವಾಹನವನ್ನು ಈಗ ಕ್ಯಾಲೆಂಡರ್ ಬದಲಿಸುತ್ತದೆ. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವಂತಿಲ್ಲ ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ದೇಶದ ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಗೆ ಬಳಸುವ ವಿಶೇಷ ವಾಹನಗಳಿಗೆ ವಿನಾಯಿತಿ ಸಿಕ್ಕಿತು. ಬೆಂಕಿಗಾಡಿಗೆ ಸಿಗಲಿಲ್ಲ. ರಾಜ್ಯದ ಹಲವು ಠಾಣೆಗಳಲ್ಲಿ ನಿನ್ನೆಯವರೆಗೆ ಓಡಿದ್ದ ಗಾಡಿ ಶೆಡ್ಡಿನಲ್ಲಿ ನಿಂತಿತು, ಪಕ್ಕದ ತಾಲ್ಲೂಕಿನ ಗಾಡಿಗೆ ಕಾಯಬೇಕಾಯಿತು. ಹೊಗೆ ಉಗುಳುವ ಹಳೇ ಲಾರಿಗಳನ್ನು ರಸ್ತೆಯಿಂದ ತೆಗೆಯುವುದು ಸರಿಯಾದ ಕೆಲಸವೇ. ಆದರೆ ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡುವ ಒಂದು ವಾಹನದ ಹೊಗೆಯನ್ನು ಹಿಡಿಯಲು ಹೋಗಿ ಒಂದು ಬಣವೆಯ, ಒಂದು ಗೋದಾಮಿನ ಹೊಗೆಯನ್ನು ಬಿಟ್ಟರೆ ಏನು ಉಳಿಯಿತು? ಹೊಸದು ಬಂದು ನಿಂತ ಮೇಲೆ ಹಳೆಯದು ಹೊರಡಬೇಕು ಎಂಬಷ್ಟು ಸರಳ ವಿವೇಕ ಆ ನಿಯಮದಲ್ಲಿ ಇರಬೇಕಿತ್ತು. ಹಾಗೆಂದು ಹಳೆಯದನ್ನೇ ಎಳೆದಾಡಿಕೊಂಡು ಹೋಗೋಣ ಎನ್ನುವವನಲ್ಲ ನಾನು. ಪಂಪಿನ ಒತ್ತಡ ಅಳೆದು ನೋಡಿ ಎಂಟನೇ ವರ್ಷಕ್ಕೇ ಮನೆಗೆ ಕಳಿಸಬೇಕಾದ ಗಾಡಿಗಳೂ ಇರುತ್ತವೆ.

ಬ್ಯಾಡಗಿಯಲ್ಲಿ ಒಂದು ಗಾಡಿ ವಯಸ್ಸಾಗಿ ಹೋಗಲಿಲ್ಲ. 2024ರ ಮಾರ್ಚ್ 11, ಸೋಮವಾರ. ಹಿಂದಿನ ವಾರದ ದರವನ್ನು ನಂಬಿ ರೈತರು ಭಾರೀ ಪ್ರಮಾಣದಲ್ಲಿ ಮಾಲು ತಂದಿದ್ದರು. ಖರೀದಿದಾರರ ಟೆಂಡರ್ ದರ ಪ್ರಕಟವಾದಾಗ ಅದು ಒಮ್ಮೆಲೇ ಕುಸಿದಿತ್ತು. ದೂರದಿಂದ ಲಾರಿ ಬಾಡಿಗೆ ಕೊಟ್ಟು, ರಾತ್ರಿಯೆಲ್ಲ ಚೀಲದ ಮೇಲೆ ಮಲಗಿ ಬಂದವರ ಸಿಟ್ಟು ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ತಿರುಗಿತು. ಕಲ್ಲು ಬಿದ್ದವು, ಕಚೇರಿಗೆ ಬೆಂಕಿ ಬಿತ್ತು, ಆವರಣದಲ್ಲಿದ್ದ ವಾಹನಗಳಿಗೆ ಬೆಂಕಿ ಬಿತ್ತು. ಆರಿಸಲು ಬಂದ ಅಗ್ನಿಶಾಮಕ ವಾಹನಕ್ಕೂ ಬೆಂಕಿ ಹಚ್ಚಿದರು. ಅಲ್ಲಿದ್ದ ಪೊಲೀಸರ ಸಂಖ್ಯೆ ಆ ಜನಜಂಗುಳಿಗೆ ಯಾವ ಲೆಕ್ಕಕ್ಕೂ ಇರಲಿಲ್ಲ. ಆಮೇಲೆ ಬಂಧನಗಳು, ಮೊಕದ್ದಮೆಗಳು, ರಾಜಕೀಯದ ಮಾತು ಎಲ್ಲ ಆದವು.

ದರ ಕುಸಿತದ ಹಿಂದೆ ಏನಿತ್ತು ಎಂಬುದು ಬೇರೆಯೇ ಬರಹದ ವಿಷಯ. ರೈತನ ಸಿಟ್ಟು ಸುಳ್ಳಲ್ಲ ಎಂದಷ್ಟೇ ಹೇಳುತ್ತೇನೆ. ಆದರೆ ಅಂದು ಸುಟ್ಟ ಬೆಂಕಿಗಾಡಿ ವ್ಯಾಪಾರಿಯದ್ದೂ ಅಲ್ಲ, ಸಮಿತಿಯದ್ದೂ ಅಲ್ಲ. ಅದು ವರ್ಷದ ಬಹುಪಾಲು ಓಡುವುದೇ ರೈತನ ಹೊಲಕ್ಕೆ. ಈ ಸೀಮೆಯ ಯಾವ ಠಾಣೆಯ ಕರೆಪುಸ್ತಕ ತೆಗೆದರೂ ಬೇಸಿಗೆಯ ಪುಟಗಳಲ್ಲಿ ಮೇವಿನ ಬಣವೆ, ಕಬ್ಬಿನ ಗದ್ದೆ, ರಾಶಿ ಹಾಕಿದ ಮೆಕ್ಕೆಜೋಳದ ತೆನೆ, ದನದ ಕೊಟ್ಟಿಗೆ, ಇವೇ ಸಾಲುಸಾಲು. ಹೋರಿ ಹಬ್ಬದ ಸೀಮೆ ಇದು. ಕೊಬ್ಬರಿ ಹಾರ ಕಟ್ಟಿ ಓಡಿಸುವ ಹೋರಿಗೂ, ಮನೆಯ ಎಮ್ಮೆಗೂ ವರ್ಷವಿಡೀ ಆಧಾರ ಆ ಬಣವೆಯೇ. ವಿದ್ಯುತ್ ತಂತಿ ಒಂದಕ್ಕೊಂದು ತಾಗಿ ಕಿಡಿ ಉದುರಿದರೆ ಸಾಕು. ‘ಗಾಡಿ ಬರೂದ್ರಾಗ ಬಣವಿ ಬೂದಿ ಆಗಿರ್ತೈತಿ’ ಎಂದು ಹಳ್ಳಿಗರು ಗೊಣಗುತ್ತಾರೆ, ಅದರಲ್ಲಿ ಅರ್ಧ ಸತ್ಯವಿದೆ. ಮೊದಲ ಬಣವೆ ಬೂದಿಯಾಗಿರುತ್ತದೆ, ಪಕ್ಕದ ನಾಲ್ಕು ಬಣವೆ ಉಳಿಯುವುದು ಗಾಡಿ ಬಂದದ್ದರಿಂದ.

ಹೆದ್ದಾರಿಯೂ ಈ ಗಾಡಿಯ ಕೆಲಸವನ್ನು ಹೆಚ್ಚಿಸಿದೆ. ಬೆಂಗಳೂರು–ಪುಣೆ ಹೆದ್ದಾರಿ ತಾಲ್ಲೂಕನ್ನು ಸೀಳಿಕೊಂಡು ಹೋಗುತ್ತದೆ. 2024ರ ಜೂನ್ 28ರ ನಸುಕಿನಲ್ಲಿ ಗುಂಡೇನಹಳ್ಳಿ ಕ್ರಾಸಿನ ಹತ್ತಿರ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಜನ ಸತ್ತರು. ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನ ಜನ ಅವರು. ಅಂಥ ಕಡೆ ನೀರಿನ ಟ್ಯಾಂಕಿಗಿಂತ ಹೆಚ್ಚು ಬೇಕಾಗುವುದು ತಗಡು ಕತ್ತರಿಸುವ, ಬಾಗಿಲು ಅಗಲಿಸುವ ಹೈಡ್ರಾಲಿಕ್ ಸಲಕರಣೆ. ಇಲಾಖೆಯ ಹೆಸರಿನಲ್ಲಿ ಈಗ ‘ತುರ್ತು ಸೇವೆ’ ಎಂದೂ ಸೇರಿದೆ, ಸೇರಿದ್ದು ಸರಿಯೇ. ಆದರೆ ಆ ಹೆಸರಿಗೆ ತಕ್ಕ ಸಲಕರಣೆ ಇಡಲು ಹಳೆಯ ವಾಹನಗಳಲ್ಲಿ ಖಾನೆಗಳೇ ಇಲ್ಲ.

ಹಾಗಾದರೆ ಬದಲಿಗೆ ಬರಬೇಕಾದದ್ದು ಎಂಥ ಗಾಡಿ? ದೊಡ್ಡದು ಬೇಕು ಎಂಬುದು ಎಲ್ಲರ ಬಾಯಿಗೆ ಮೊದಲು ಬರುವ ಮಾತು. ಒಂಬತ್ತು ಸಾವಿರ, ಹದಿನಾರು ಸಾವಿರ ಲೀಟರ್ ನೀರು ಹೊರುವ ಬೌಸರ್‌ ಎಂಬ ಗಾಡಿಗಳಿವೆ, ನಿಜ. ಆದರೆ ಬ್ಯಾಡಗಿಯ ಮುಖ್ಯರಸ್ತೆಯನ್ನು ಕಂಡವರು ಸ್ವಲ್ಪ ತಡೆಯುತ್ತಾರೆ. ಗಜೇಂದ್ರಗಡ–ಸೊರಬ ರಾಜ್ಯ ಹೆದ್ದಾರಿ ಎಂದು ಹೆಸರು ದೊಡ್ಡದು, ಊರೊಳಗೆ ಅದು ಎರಡು ಸಾಲು ಅಂಗಡಿಗಳ ನಡುವೆ ನುಸುಳಿದ ಓಣಿ. ಇದನ್ನು ಅಗಲ ಮಾಡಬೇಕೆಂದು ಒಂದು ಗುಂಪು, ನಮ್ಮ ಕಟ್ಟಡ ಹೋಗುತ್ತದೆ ಎಂದು ಇನ್ನೊಂದು ಗುಂಪು, ವರ್ಷಗಟ್ಟಲೆ ಹೋರಾಟ, ಬಂದ್, ನ್ಯಾಯಾಲಯ. ರಸ್ತೆ ಅಗಲೀಕರಣದ ವಾದದಲ್ಲಿ ಬಸ್ಸು, ಲಾರಿ, ವ್ಯಾಪಾರದ ಮಾತೇ ಹೆಚ್ಚು ಬಂತು. ಸುಗ್ಗಿಯ ದಿನ ಮಾಲಿನ ಲಾರಿಗಳು ಸಾಲು ನಿಂತಾಗ ಬೆಂಕಿಗಾಡಿ ಎಲ್ಲಿ ತೂರಬೇಕು ಎಂಬುದು ಮೊದಲ ವಾದವಾಗಬೇಕಿತ್ತು ಎಂದು ನನಗೆ ಅನಿಸುತ್ತದೆ.

ಆದ್ದರಿಂದ ಒಂದರ ಬದಲಿಗೆ ಒಂದು ಎಂಬ ಲೆಕ್ಕವೇ ಇಲ್ಲಿ ಹೊಂದುವುದಿಲ್ಲ. ಓಣಿಗೆ, ಹೊಲದ ದಾರಿಗೆ ಒಂದು ಚಿಕ್ಕ ವೇಗದ ಗಾಡಿ ಬೇಕು. ನೀರು ಕಡಿಮೆ ಇದ್ದರೂ ಅಧಿಕ ಒತ್ತಡದ ಮಂಜಿನಂಥ ಹನಿ ಚಿಮ್ಮಿಸುವಂಥದ್ದು, ಕತ್ತರಿಸುವ ಸಲಕರಣೆಯೂ ಇರುವಂಥದ್ದು. ಗೋದಾಮು ಮತ್ತು ಶೀತಲಗೃಹಗಳಿಗೆ ಒಂದು ದೊಡ್ಡ ನೀರಿನ ಗಾಡಿ, ಸಾಕಷ್ಟು ಉಸಿರಾಟದ ಸಿಲಿಂಡರ್‌ಗಳು, ಖಾಲಿಯಾದ ಸಿಲಿಂಡರ್ ತುಂಬಿಸುವ ಕಂಪ್ರೆಸರ್. ಅಟ್ಟಿ ಬಿಡಿಸುವುದು ಹಮಾಲರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಯಾವ ಸಾಲು ಎಳೆದರೆ ಯಾವುದು ಜರಿಯುತ್ತದೆ ಎಂದು ಅವರ ಕೈಗೆ ತಿಳಿದಿದೆ. ತರಬೇತಿಯ ದಿನ ಅವರನ್ನೂ ಕರೆಸಿ ಕೂರಿಸಿದರೆ ಖರ್ಚೇನೂ ಇಲ್ಲ.

ದುಡ್ಡಿನ ಮಾತು ಬಂದರೆ, ಹದಿನೈದನೇ ಹಣಕಾಸು ಆಯೋಗ ರಾಜ್ಯಗಳ ಅಗ್ನಿಶಾಮಕ ಸೇವೆಯನ್ನು ವಿಸ್ತರಿಸಿ ಹೊಸದಾಗಿಸಲು 5,000 ಕೋಟಿ ರೂಪಾಯಿ ಎತ್ತಿಟ್ಟಿತು. ದೇಶಕ್ಕೆಲ್ಲ ಹಂಚಿದಾಗ ಅದು ತಾಲ್ಲೂಕಿನವರೆಗೆ ಹರಿದು ಬರುವುದು ಬೇಡಿಕೆ ಪಟ್ಟಿಯಲ್ಲಿ ನಮ್ಮ ಊರು ಎಲ್ಲಿದೆ ಎಂಬುದರ ಮೇಲೆ. ಆ ಪಟ್ಟಿಗೆ ಆಧಾರವಾದ ಹಳೆಯ ಮಾನದಂಡವೊಂದಿದೆ. ಕೇಂದ್ರದ ಸ್ಥಾಯಿ ಅಗ್ನಿ ಸಲಹಾ ಸಮಿತಿಯದ್ದು. ಮೂರು ಲಕ್ಷದವರೆಗಿನ ಜನಸಂಖ್ಯೆಗೆ, ಪ್ರತಿ 50 ಸಾವಿರ ಜನಕ್ಕೆ ಒಂದು ಪಂಪಿಂಗ್ ವಾಹನ. ಬ್ಯಾಡಗಿ ಪಟ್ಟಣ ಆ ಐವತ್ತು ಸಾವಿರವನ್ನು ಇನ್ನೂ ಮುಟ್ಟಿರದಿದ್ದರೆ ಕಾಗದದ ಮೇಲೆ ಅದಕ್ಕೆ ಒಂದು ಗಾಡಿಯೇ ಧಾರಾಳ. ಸೋಮವಾರ ಬಂದು ಬೀಳುವ ಲಕ್ಷ ಚೀಲ, ಅದರ ಹಿಂದೆ ಬರುವ ಸಾವಿರಾರು ರೈತರು, ಲಾರಿ ಚಾಲಕರು, ತೊಟ್ಟು ಬಿಡಿಸಲು ಬರುವ ಹೆಂಗಸರು, ಇವರಾರೂ ಆ ಜನಗಣತಿಯಲ್ಲಿ ಈ ಊರಿನವರಲ್ಲ.

ಲೆಕ್ಕದ ಬುಡ ಬದಲಾಗುವವರೆಗೂ ಮಾಡಬಹುದಾದ ಸಣ್ಣ ಕೆಲಸಗಳಿವೆ. ಮಾರುಕಟ್ಟೆ ಪ್ರಾಂಗಣದಲ್ಲಿ ನೆಲದಡಿ ನೀರಿನ ತೊಟ್ಟಿ ಸದಾ ತುಂಬಿರಬೇಕು, ಅದರ ಬಾಯಿಗೆ ಠಾಣೆಯ ಪೈಪು ಸರಿಯಾಗಿ ಕೂರುತ್ತದೆಯೇ ಎಂದು ಸುಗ್ಗಿಗೆ ಮೊದಲೇ ಹಾಕಿ ನೋಡಬೇಕು. ಶೀತಲಗೃಹಗಳ ಒಳನಕ್ಷೆ ಠಾಣೆಯ ಗೋಡೆಯ ಮೇಲಿರಬೇಕು, ಅಮೋನಿಯಾದ ವಾಲ್ವ್ ಎಲ್ಲಿದೆ ಎಂಬ ಗುರುತಿನ ಸಮೇತ. ಜನವರಿಯಿಂದ ಏಪ್ರಿಲ್‌ವರೆಗೆ ವಹಿವಾಟಿನ ದಿನಗಳಲ್ಲಿ ಹಾವೇರಿಯಿಂದಲೋ ರಾಣೆಬೆನ್ನೂರಿನಿಂದಲೋ ಒಂದು ಗಾಡಿಯನ್ನು ಎರವಲು ತಂದು ಪ್ರಾಂಗಣದ ಗೇಟಿನ ಹೊರಗೆ ನಿಲ್ಲಿಸಬೇಕು. ಒಳಗೆ ನಿಲ್ಲಿಸಿದರೆ ಲಾರಿಗಳ ನಡುವೆ ಸಿಕ್ಕಿಕೊಂಡೀತು. ಊರಿನ ಸ್ವಂತ ಗಾಡಿ ಆ ಹೊತ್ತಿಗೆ ಯಾವುದಾದರೂ ಹಳ್ಳಿಯ ಬಣವೆಗೆ ಹೋಗಿರುವ ಸಂಭವವೇ ಹೆಚ್ಚು.